ಕಳ್ಳಬೇಟೆ ತಡೆ ಸಿಬ್ಬಂದಿಯ ತುರ್ತು ಚಿಕಿತ್ಸಾ ತರಬೇತಿ: ಬಿಗಿಪಟ್ಟಿ ಎಲ್ಲಿ ಬೇಕು, ಎಲ್ಲಿ ಬೇಡ

ಸಾಮಾನ್ಯ ಪ್ರಥಮ ಚಿಕಿತ್ಸೆಯ ಪಾಠವು ಆಂಬುಲೆನ್ಸ್ ಬೇಗ ಬಂದೀತೆಂಬ ಭರವಸೆಯ ಮೇಲೆ ನಿಂತಿರುತ್ತದೆ. ಕಳ್ಳಬೇಟೆಗಾರರ ಜಾಡು ಹಿಡಿದು ದಟ್ಟ ಕಾಡಿಗಿಳಿದ ಗಸ್ತು ತಂಡಕ್ಕೆ ಆ ಭರವಸೆಯಿಲ್ಲ. ಗಾಯಾಳುವನ್ನು ಹಲವು ಗಂಟೆ ಕಾಲ ಜೊತೆಗಾರರೇ ಉಳಿಸಿಕೊಳ್ಳಬೇಕಾಗುತ್ತದೆ. ಈ ಕಾರಣದಿಂದ ಇಂಥ ತರಬೇತಿಯು 1990ರ ದಶಕದಲ್ಲಿ ಅಮೆರಿಕದ ಸೇನೆಯಲ್ಲಿ ರೂಪುಗೊಂಡ ರಣಭೂಮಿ ಚಿಕಿತ್ಸಾ ಕ್ರಮವನ್ನು ಅನುಸರಿಸುವುದುಂಟು.

ಗುಂಡು ಹಾರುತ್ತಿರುವಾಗ ಚಿಕಿತ್ಸೆಗಿಂತ ಮರೆ ಮುಖ್ಯ. ಮರೆ ಸೇರಿದ ಮೇಲೆ, ಹಂತಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳಿಂದಾದ ‘ಮಾರ್ಚ್’ (MARCH) ಸೂತ್ರದಂತೆ ಮೊದಲು ಭಾರಿ ರಕ್ತಸ್ರಾವವನ್ನು, ನಂತರ ಶ್ವಾಸಮಾರ್ಗ, ಉಸಿರಾಟ ಮತ್ತು ರಕ್ತಪರಿಚಲನೆಯನ್ನು, ಕೊನೆಗೆ ಮೈ ತಣ್ಣಗಾಗುವುದನ್ನು ಹಾಗೂ ತಲೆಯ ಪೆಟ್ಟನ್ನು ನೋಡಬೇಕು. ಶ್ವಾಸಮಾರ್ಗವೇ ಮೊದಲೆಂದು ಕಲಿತವರಿಗೆ ಈ ಅನುಕ್ರಮ ವಿಚಿತ್ರವೆನಿಸಬಹುದು. ಆದರೆ ತೊಡೆಯ ದೊಡ್ಡ ಅಪಧಮನಿ ತುಂಡಾದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು.

ಕೈಕಾಲಿನ ಇಂಥ ಗಾಯಕ್ಕೆ ಟೂರ್ನಿಕೆ, ಅಂದರೆ ಬಿಗಿಪಟ್ಟಿ, ಬೇಕು. ಅದನ್ನು ಗಾಯಕ್ಕಿಂತ 5ರಿಂದ 7 ಸೆಂಟಿಮೀಟರ್ ಮೇಲೆ, ಕೀಲಿನ ಮೇಲೆ ಬಾರದಂತೆ ಕಟ್ಟಿ, ರಕ್ತ ನಿಲ್ಲುವವರೆಗೂ ಪಟ್ಟಿಯನ್ನು ಬಿಗಿಸುವ ಕಡ್ಡಿಯನ್ನು ತಿರುವಬೇಕು. ನೋವಿನಿಂದ ಗಾಯಾಳು ಕೂಗಿಕೊಂಡರೂ ಸಡಿಲಿಸಬಾರದು. ಅರೆಬರೆ ಬಿಗಿದ ಪಟ್ಟಿಯು ರಕ್ತ ಹೃದಯಕ್ಕೆ ಹಿಂದಿರುಗುವುದನ್ನು ಮಾತ್ರ ತಡೆದು ಸ್ರಾವವನ್ನು ಹೆಚ್ಚಿಸುತ್ತದೆ. ಕಟ್ಟಿದ ವೇಳೆಯನ್ನು ಅಲ್ಲಿಯೇ ಬರೆಯಬೇಕು, ಏಕೆಂದರೆ 2 ಗಂಟೆ ದಾಟಿದಂತೆ ಅಂಗಕ್ಕೆ ಹಾನಿಯ ಸಾಧ್ಯತೆ ಏರುತ್ತದೆ. ತೊಡೆಸಂದು, ಕಂಕುಳಗಳಿಗೆ ಪಟ್ಟಿ ಕಟ್ಟಲಾಗದು. ಅಲ್ಲಿ ಗಾಯದೊಳಕ್ಕೆ ಗಾಜ್ ಬಟ್ಟೆಯನ್ನು ತುರುಕಿ ಒತ್ತಿ ಹಿಡಿಯುವುದೇ ದಾರಿ. ರಕ್ತ ಕಳೆದುಕೊಂಡ ದೇಹ ತಣ್ಣಗಾದಷ್ಟೂ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುವುದರಿಂದ, ಸೆಕೆಯ ನಾಡಿನಲ್ಲಿಯೂ ಹೊದಿಕೆ ಅಗತ್ಯ.

ಹಾವು ಕಡಿತದ ಪ್ರಸಂಗದಲ್ಲಿ ಇದೇ ಪಟ್ಟಿ ಶತ್ರುವಾಗುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ತರಬೇತಿಯ ಅತಿ ಕಠಿಣ ಭಾಗ ಈ ವಿವೇಚನೆಯೇ. ಬಿಗಿದು ಕಟ್ಟಿದರೆ ಅಂಗವೇ ಕೊಳೆಯುವ ಅಪಾಯವಿದೆ. ಕೊಯ್ಯುವುದು, ಹೀರುವುದು ಕೂಡ ನಿಷಿದ್ಧ. ಕಚ್ಚಿಸಿಕೊಂಡವರನ್ನು ನಡೆಸದೆ, ಅಂಗಕ್ಕೆ ದಬ್ಬೆ ಕಟ್ಟಿ ಅಲುಗಾಡದಂತೆ ಹೊತ್ತೊಯ್ಯಬೇಕು. ಯಾರಾದರೂ ಆಗಲೇ ಬಿಗಿದಿದ್ದರೆ, ತಡೆಹಿಡಿದ ವಿಷ ಒಮ್ಮೆಲೇ ಹರಡಬಹುದಾದ ಕಾರಣ, ಅದನ್ನು ದಿಢೀರನೆ ಬಿಚ್ಚದೆ ವೈದ್ಯರ ಸಮಕ್ಷಮದಲ್ಲಿ ಬಿಚ್ಚಲು ಬಿಡಬೇಕು.