ಮೇವು ಸಿಗುವ ಕೊಳ ಬಿಟ್ಟು ಬಾತು ಹೋದೀತೇ?

ಹಗಲು ಕುಗ್ಗುತ್ತಾ ಬಂದ ಹಾಗೆ ಮಲ್ಲಾರ್ಡ್ ಎಂಬ ಕಾಡುಜಾತಿಯ ಬಾತು (ಗಂಡಿಗೆ ಹಸಿರು ತಲೆ, ಕತ್ತಿಗೆ ಬಿಳಿ ಪಟ್ಟಿ) ಸಾಕಿದವರು ನನ್ನಂಥ ಪಶುವೈದ್ಯರನ್ನು ಕೇಳುವುದು ಒಂದೇ: "ಡಾಕ್ಟ್ರೇ, ಮರಿಯಿಂದ ನಾವೇ ಸಾಕಿದ್ದು. ಚಳಿಗಾಲಕ್ಕೆ ಇವು ವಲಸೆ ಹೋಗ್ತಾವಾ?" ಕೆಲವರಿಗೆ ಹೋಗಿಬಿಟ್ಟಾವು ಎಂಬ ಆತಂಕ. ಇನ್ನು ಕೆಲವರಿಗೆ, ಬಾಯಿಬಿಟ್ಟು ಹೇಳದಿದ್ದರೂ, ಹೋದರೆ ಚಳಿಗಾಲದ ಚಾಕರಿ ತಪ್ಪೀತು ಎಂಬ ಆಸೆ. ದಿನಾ ಮೇವು ಬೀಳುತ್ತಿದ್ದು ನೀರು ಹೆಪ್ಪುಗಟ್ಟದಿದ್ದರೆ, ಹೆಚ್ಚಿನವು ಹೋಗುವುದಿಲ್ಲ.

ಮೊದಲು ನಿಮ್ಮಲ್ಲಿರುವುದು ಮಲ್ಲಾರ್ಡೇ ಹೌದೋ ನೋಡಿ. ಮಸ್ಕವಿಯೊಂದನ್ನು ಬಿಟ್ಟರೆ ಸಾಕುಬಾತಿನ ತಳಿಗಳೆಲ್ಲ ಹೆಚ್ಚುಕಡಿಮೆ ಮಲ್ಲಾರ್ಡಿನಿಂದಲೇ ಬಂದವು. ರೂವಾನ್ ತಳಿಯ ಗಂಡಿಗೂ ಅದೇ ಹಸಿರು ತಲೆ, ಕತ್ತಿಗೆ ಅದೇ ಬಿಳಿ ಪಟ್ಟಿ. ಆದರೆ ಕಾಡು ಮಲ್ಲಾರ್ಡ್ ಒಂದು ಕಿಲೋ ಆಸುಪಾಸು ತೂಗಿದರೆ, ಬೆಳೆದ ರೂವಾನ್ ಮೂರು ಕಿಲೋ ದಾಟುತ್ತದೆ. ಅದು ಬೇಲಿ ಹಾರಿದರೇ ದೊಡ್ಡದು.

ಅಪ್ಪಟ ಮಲ್ಲಾರ್ಡ್ ಮರಿ ಸುಮಾರು ಎಂಟು ವಾರಕ್ಕೆ ಹಾರುತ್ತದೆ. ಹಗಲು ಚಿಕ್ಕದಾದಾಗ ಸಾಕಿದ ಹಕ್ಕಿಯ ಮೈಯಲ್ಲೂ ಕೊಬ್ಬು ಸೇರಬಹುದು, ಸಂಜೆಯಾದರೆ ಚಡಪಡಿಕೆ ಕಾಣಬಹುದು. ಆದರೂ ಇದು ಪಂಚಾಂಗ ನೋಡಿ ಹೊರಡುವ ಹಕ್ಕಿಯಲ್ಲ. ನೀರು ಗಟ್ಟಿಯಾಗಿ, ಹಿಮ ನೆಲ ಮುಚ್ಚಿ, ಹೊಟ್ಟೆಗಿಲ್ಲದಾದಾಗಲೇ ಅದಕ್ಕೆ ನಿಜವಾದ ಅವಸರ. ಅದಕ್ಕೇ ಫಿನ್‌ಲೆಂಡಿನ ಮಲ್ಲಾರ್ಡ್‌ಗಳು ಬಹುಪಾಲು ಹೊರಟುಬಿಡುತ್ತವೆ, ಬ್ರಿಟನ್ನಿನವು ಬಹುಪಾಲು ಇದ್ದಲ್ಲೇ ಇರುತ್ತವೆ. 1930ರ ದಶಕದಲ್ಲಿ ಇಂಗ್ಲೆಂಡಿನ ಇಂಥ ಬಾತುಗಳ ಮೊಟ್ಟೆಗಳನ್ನು ಫಿನ್‌ಲೆಂಡಿಗೆ ಒಯ್ದು ಮರಿ ಮಾಡಿಸಿ ಬಿಟ್ಟರು. ಚಳಿಗಾಲ ಬಂದಾಗ ಆ ಮರಿಗಳೂ ಅಲ್ಲಿನ ಕಾಡುಬಾತುಗಳಂತೆ ವಲಸೆ ಹೊರಟವು. ವಂಶಕ್ಕಿಂತ ಇರುವ ಜಾಗ, ಸಿಕ್ಕ ಜೊತೆ ದೊಡ್ಡದು ಎನ್ನಲು ನನಗೆ ಅದು ಸಾಕು.

ದಾರಿ ತೋರಿಸಲು ತಾಯಿ ಇಲ್ಲವಲ್ಲ ಎನ್ನುತ್ತೀರಾ? ಹೆಬ್ಬಾತು ಮತ್ತು ಉದ್ದ ಕಾಲಿನ ಕ್ರೌಂಚ ಹಕ್ಕಿಗಳಾದರೆ ಮರಿಗಳು ಮೊದಲ ವಲಸೆಯಲ್ಲಿ ಹೆತ್ತವರ ಹಿಂದೆಯೇ ಹೋಗುತ್ತವೆ. ಮಲ್ಲಾರ್ಡ್ ತಾಯಿ ಮಾತ್ರ ಮರಿ ಹಾರುವ ಹೊತ್ತಿಗೆ ಅದರ ಕೈಬಿಟ್ಟಿರುತ್ತಾಳೆ. ಹಾಗಾಗಿ ನಿಮ್ಮ ಕೊಳಕ್ಕೆ ಕಾಡುಬಾತುಗಳ ಹಿಂಡು ಇಳಿದರೆ, ಅದರ ಜೊತೆ ನಿಮ್ಮವೂ ಒಂದೆರಡು ಎದ್ದುಹೋಗಬಹುದು. ಅವುಗಳ ಮುಂದಿನ ಪಾಡು ಅಷ್ಟೇನೂ ಚೆನ್ನಾಗಿಲ್ಲ. ಬೇಟೆಗೆಂದು ಸಾಕಿ ಬಿಟ್ಟ ಮಲ್ಲಾರ್ಡ್‌ಗಳಿಗೆ ಯುರೋಪಿನಲ್ಲಿ ಗುರುತಿನ ಕಾಲುಂಗುರ ತೊಡಿಸಿ ನೋಡಿದ್ದಾರೆ: ಅವು ಕಾಡಿನವಷ್ಟು ದೂರ ಹೋಗುವುದಿಲ್ಲ, ಅಷ್ಟು ಕಾಲ ಬದುಕುವುದೂ ಇಲ್ಲ.

ಆದ್ದರಿಂದ "ಮೇವು ನಿಲ್ಲಿಸಿದರೆ ತಾವೇ ಹೋಗ್ತಾವೆ" ಎಂಬ ಉಪಾಯ ದಯವಿಟ್ಟು ಬೇಡ. ನಾಯಿಗೂ ಮನುಷ್ಯರಿಗೂ ಹೆದರದ, ತಟ್ಟೆಯ ಕಾಳು ತಿಂದು ಬೆಳೆದ ಹಕ್ಕಿ ಅದು. ಹಸಿದರೆ ಹೊರಟೇಬಿಡುತ್ತದೆ ಎಂಬ ಖಾತ್ರಿಯಿಲ್ಲ, ಸೊರಗುವ ಸಾಧ್ಯತೆಯೇ ಹೆಚ್ಚು. ಸಾಕಿದ ಬಾತನ್ನು ಹೊರಗೆ ಬಿಡುವುದು ಹಲವು ದೇಶಗಳಲ್ಲಿ ಕಾನೂನಿಗೂ ವಿರುದ್ಧ.

ಚಳಿಗೆ ಅಂಜಬೇಡಿ, ಅದನ್ನು ತಡೆಯುವ ಮೈಯೇ ಬಾತಿನದು. ಗರಿಯಡಿಯ ತುಪ್ಪಳ ಮೈ ಕಾಯುತ್ತದೆ. ಕಾಲಿಗಿಳಿಯುವ ಬಿಸಿ ರಕ್ತ, ಮೇಲೇರುವ ತಣ್ಣನೆ ರಕ್ತಕ್ಕೆ ದಾರಿಯಲ್ಲೇ ಶಾಖ ಕೊಡುವುದರಿಂದ ಮೈಯ ಬಿಸಿ ಪಾದದಿಂದ ಸೋರುವುದು ಕಡಿಮೆ. ನೀವು ಒದಗಿಸಬೇಕಾದ್ದು ಗಾಳಿ ಹೊಡೆಯದ ಗೂಡು, ಒಣ ಹುಲ್ಲಿನ ಹಾಸು, ರಾತ್ರಿ ಭದ್ರವಾದ ಬಾಗಿಲು, ಮತ್ತು ಕೊಕ್ಕನ್ನು ಮೂಗಿನ ಹೊಳ್ಳೆಯವರೆಗೆ ಮುಳುಗಿಸುವಷ್ಟು ಆಳದ, ಹೆಪ್ಪುಗಟ್ಟದ ನೀರು. ಬಾತಿಗೆ ಮೂಗು, ಕಣ್ಣು ತೊಳೆದುಕೊಳ್ಳದೆ ಆಗದು. ಮೇವನ್ನು ಸೂರಿನಡಿಯೇ ಇಡಿ. ಬಯಲಲ್ಲಿ ಚೆಲ್ಲಿದರೆ ಕಾಡುಹಕ್ಕಿಗಳು ಬರುತ್ತವೆ, ಅವುಗಳೊಂದಿಗೆ ಹಕ್ಕಿಜ್ವರವೂ ಬರಬಹುದು.

ಹಾರಿಹೋದಾವು ಎಂಬ ಭಯ ಇನ್ನೂ ಇದ್ದರೆ ಮೇಲೆ ಬಲೆ ಹಾಕಿಸಿ. ರೆಕ್ಕೆಯ ಗರಿ ಕತ್ತರಿಸುವುದು ನನಗೆ ಎರಡನೆಯ ಆಯ್ಕೆ, ಏಕೆಂದರೆ ಕತ್ತರಿಸಿದ ಬಾತು ನಾಯಿಯಿಂದಲೂ ಹಾರಿ ತಪ್ಪಿಸಿಕೊಳ್ಳಲಾರದು. ಕತ್ತರಿಸುವುದೇ ಆದರೆ ಒಂದೇ ರೆಕ್ಕೆಯ ಹಾರುಗರಿಗಳನ್ನು ಮಾತ್ರ ಕತ್ತರಿಸಿ. ಬುಡದಲ್ಲಿ ರಕ್ತವಿರುವ ಎಳೆ ಗರಿಗಳನ್ನು ಮುಟ್ಟಬೇಡಿ. ಗರಿ ಉದುರಿ ಹೊಸದು ಬಂದ ಮೇಲೆ ಅದು ಮತ್ತೆ ಹಾರುತ್ತದೆ ಎಂಬುದು ನೆನಪಿರಲಿ.