ಇ-ಫುಟ್‌ಬಾಲ್ ಛಲೋನೋ, ಎಫ್‌ಸಿ ಮೊಬೈಲ್ ಛಲೋನೋ?

ಪ್ರಶ್ನೆ: ನಾನು ಕಲಬುರಗಿಯಾಗ ಡಿಪ್ಲೊಮಾ ಓದ್ತೀನ್ರಿ. ನಮ್ಮ ಹಾಸ್ಟೆಲ್‌ನಾಗ ಅರ್ಧ ಮಂದಿ ಇ-ಫುಟ್‌ಬಾಲ್ ಆಡ್ತಾರ, ಅರ್ಧ ಮಂದಿ ಎಫ್‌ಸಿ ಮೊಬೈಲ್ ಆಡ್ತಾರ. ಎರಡೂ ಇಡಾಕ ನನ್ನ ಫೋನ್‌ನಾಗ ಜಾಗ ಇಲ್ಲ. ಯಾವುದು ಇಟ್ಕೋಬೇಕ್ರಿ?

ಉತ್ತರ: ಹಾಸ್ಟೆಲ್ ಗೆಳೆಯರ ಜೊತೆ ಪೂರ್ತಿ ಹನ್ನೊಂದು ಜನರ ಮ್ಯಾಚ್ ಆಡೋದೇ ನಿಮಗೆ ಮುಖ್ಯ ಅಂದರೆ ಇ-ಫುಟ್‌ಬಾಲ್ ಇಟ್ಟುಕೊಳ್ಳಿ. ಕ್ಲಾಸ್ ನಡುವೆ ಸಿಗುವ ಐದು-ಹತ್ತು ನಿಮಿಷದಲ್ಲಿ ನಾಲ್ಕು ಗೋಲ್ ಹೊಡೆದು ಫೋನ್ ಜೇಬಿಗೆ ಹಾಕುವವರಾದರೆ ಎಫ್‌ಸಿ ಮೊಬೈಲ್ ಸಾಕು. ಒಂದೇ ಹೆಸರು ಹೇಳಿ ಅಂತ ಪಟ್ಟು ಹಿಡಿದರೆ, ಫೋನಿನ ಮಟ್ಟಿಗೆ ನನ್ನ ಮತ ಇ-ಫುಟ್‌ಬಾಲ್‌ಗೆ. ಯಾಕೆ ಅಂತ ಹೇಳುತ್ತೇನೆ.

ಈ ಪೈಪೋಟಿ ನಿಮ್ಮ ಹಾಸ್ಟೆಲ್‌ನಲ್ಲಿ ಶುರುವಾಗಿದ್ದಲ್ಲ. ಎಫ್‌ಸಿ ಮೊಬೈಲ್ ಮಾಡುವ ಅಮೆರಿಕದ ಇಎ ಕಂಪನಿ 1993ರಲ್ಲಿ ಫೀಫಾ ಹೆಸರಿನ ಮೊದಲ ಆಟ ತಂದಿತು. ಇ-ಫುಟ್‌ಬಾಲ್ ಮಾಡುವ ಜಪಾನಿನ ಕೊನಾಮಿ ಕಂಪನಿ ಅದೇ ಕಾಲದಿಂದ ಫುಟ್‌ಬಾಲ್ ಆಟ ಮಾಡುತ್ತಿದೆ. ಅವರದ್ದು ಜಪಾನಿನಲ್ಲಿ ವಿನ್ನಿಂಗ್ ಇಲೆವೆನ್, 2001ರಿಂದ ಹೊರಗಡೆ ಪ್ರೊ ಎವಲ್ಯೂಷನ್ ಸಾಕರ್, ಅಂದರೆ ಪಿಇಎಸ್. ಆಗೆಲ್ಲ ಇಎ ಹತ್ತಿರ ಹೆಸರುಗಳಿದ್ದವು, ಕೊನಾಮಿ ಹತ್ತಿರ ಆಟ ಇತ್ತು. ನಿಜವಾದ ಹೆಸರು ಬಳಸುವ ಲೈಸೆನ್ಸ್ ಇಲ್ಲದ ಕಾರಣ ಕೊನಾಮಿ ಆಟದಲ್ಲಿ ಲಿವರ್‌ಪೂಲ್ ಕ್ಲಬ್ 'ಮರ್ಸಿಸೈಡ್ ರೆಡ್' ಆಗಿತ್ತು, ಬ್ರೆಜಿಲ್‌ನ ರಾಬರ್ಟೊ ಕಾರ್ಲೋಸ್ 'ರಾಬರ್ಟೊ ಲಾರ್ಕೋಸ್' ಆಗಿದ್ದರು. ಆದರೂ ಜನ ಅದನ್ನೇ ಆಡುತ್ತಿದ್ದರು. ಚೆಂಡು ಕಾಲಿಗೆ ಅಂಟಿಕೊಂಡಂತೆ ಓಡುತ್ತಿರಲಿಲ್ಲ, ಅದಕ್ಕೆ ಅದರದ್ದೇ ತೂಕ ಇತ್ತು. ಇಎ ಇದನ್ನು ಗಮನಿಸಿ ಆಟವನ್ನೇ ತಿದ್ದಿತು. ಫೀಫಾ 10 ಅನ್ನುವ ಆಟ ಬರುವವರೆಗೆ ಆಟಗಾರ ಎಂಟು ದಿಕ್ಕಿಗೆ ಮಾತ್ರ ತಿರುಗುತ್ತಿದ್ದ, ಅಲ್ಲಿಂದ ಮುಂದೆ ಯಾವ ಕಡೆಗಾದರೂ ತಿರುಗಬಹುದಾಯಿತು. ಆಮೇಲೆ ಇಎ ಮುಂದೆ ಹೋಯಿತು, ಕೊನಾಮಿ ಹಿಂದೆ ಬಿತ್ತು.

2021ರ ಸೆಪ್ಟೆಂಬರ್ 30ರಂದು ಕೊನಾಮಿ ಪಿಇಎಸ್ ಹೆಸರನ್ನೇ ಕೈಬಿಟ್ಟು ಇ-ಫುಟ್‌ಬಾಲ್ ಅಂತ ಉಚಿತ ಆಟ ಬಿಟ್ಟಿತು. ಮೊದಲ ದಿನ ಅದರ ಗತಿ ನೋಡಲಾಗುತ್ತಿರಲಿಲ್ಲ. ಆಟಗಾರರ ಮುಖಗಳು ಸೊಟ್ಟಗಿದ್ದವು. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ತಾಣದಲ್ಲಿ ಅತಿ ಕೆಟ್ಟ ಅಭಿಪ್ರಾಯ ಪಡೆದ ಆಟಗಳ ಸಾಲಿಗೆ ಬಂತು, ಕಂಪನಿ ಕ್ಷಮೆ ಕೇಳಬೇಕಾಯಿತು. 2022ರ ಏಪ್ರಿಲ್‌ನಲ್ಲಿ ಬಂದ ದೊಡ್ಡ ಅಪ್‌ಡೇಟ್‌ನಿಂದ ಅದು ಚೇತರಿಸಿಕೊಂಡಿತು. ಅದೇ ವರ್ಷ ಮೊಬೈಲ್‌ಗೂ ಬಂತು. 'ಇ-ಫುಟ್‌ಬಾಲ್ ಬರೀ ಕಸ' ಅಂತ ನಿಮ್ಮ ಹಾಸ್ಟೆಲ್‌ನಲ್ಲಿ ಯಾರಾದರೂ ಸೀನಿಯರ್ ಹೇಳಿದರೆ, ಅವರು ಆ ಮೊದಲ ತಿಂಗಳುಗಳನ್ನು ನೆನೆಸಿಕೊಂಡು ಹೇಳುತ್ತಿರಬಹುದು. ಈಗಿನದು ಬೇರೆಯೇ ಆಟ.

ಇನ್ನು 'ಫೀಫಾ ಎಲ್ಲಿ ಹೋಯ್ತು?' ಅಂತ ತುಂಬಾ ಜನ ಕೇಳುತ್ತಾರೆ. ಎಲ್ಲೂ ಹೋಗಿಲ್ಲ, ಹೆಸರು ಬದಲಾಗಿದೆ ಅಷ್ಟೇ. ಇಎ ಮತ್ತು ಜಗತ್ತಿನ ಫುಟ್‌ಬಾಲ್ ನೋಡಿಕೊಳ್ಳುವ ಫೀಫಾ ಸಂಸ್ಥೆಯ ಒಪ್ಪಂದ ಮುಂದುವರಿಯಲಿಲ್ಲ. ಫೀಫಾ 23 ಆ ಹೆಸರಿನ ಕೊನೆಯ ಆಟ. 2023ರ ಸೆಪ್ಟೆಂಬರ್‌ನಿಂದ ಅದೇ ಆಟ ಇಎ ಸ್ಪೋರ್ಟ್ಸ್ ಎಫ್‌ಸಿ, ಫೋನಿನಲ್ಲಿ ಎಫ್‌ಸಿ ಮೊಬೈಲ್. ಪ್ರೀಮಿಯರ್ ಲೀಗ್, ಚಾಂಪಿಯನ್ಸ್ ಲೀಗ್ ಲೈಸೆನ್ಸ್‌ಗಳು ಇಎ ಹತ್ತಿರವೇ ಉಳಿದವು.

ಈಗ ಆಟದ ವಿಷಯಕ್ಕೆ ಬರೋಣ. ವ್ಯತ್ಯಾಸ ಗೊತ್ತಾಗೋದು ಇಲ್ಲೇ.

ಮಿಡ್‌ಫೀಲ್ಡ್‌ನಲ್ಲಿ ನಿಮ್ಮ ಆಟಗಾರ ಎದುರಾಳಿಯ ಗೋಲಿಗೆ ಬೆನ್ನು ಹಾಕಿ ನಿಂತಿದ್ದಾನೆ ಅಂದುಕೊಳ್ಳಿ. ಡಿಫೆಂಡರ್ ಅವನಿಗೆ ಒತ್ತಿಕೊಂಡೇ ಇದ್ದಾನೆ. ಮುಂದೆ ನಿಮ್ಮ ಸ್ಟ್ರೈಕರ್ ಓಡಲು ಶುರು ಮಾಡಿದ. ನೀವು ತಕ್ಷಣ ಥ್ರೂ ಪಾಸ್, ಅಂದರೆ ಡಿಫೆಂಡರ್‌ಗಳ ನಡುವೆ ನುಗ್ಗಿ ಹೋಗುವ ಪಾಸ್ ಒತ್ತಿದಿರಿ. ಇ-ಫುಟ್‌ಬಾಲ್‌ನಲ್ಲಿ ಆ ಪಾಸ್ ಹೆಚ್ಚಿನ ಸಲ ಕೈಕೊಡುತ್ತದೆ. ಆಟಗಾರನ ಮೈ ಯಾವ ಕಡೆ ತಿರುಗಿದೆ, ಚೆಂಡು ಯಾವ ಕಾಲಿನ ಹತ್ತಿರ ಇದೆ, ಆ ಕಾಲು ಅವನಿಗೆ ಎಷ್ಟು ಒಗ್ಗಿದೆ, ಇದನ್ನೆಲ್ಲ ಆಟ ಲೆಕ್ಕ ಹಾಕುತ್ತದೆ. ಬಲಗಾಲಿನವನ ಎಡಗಾಲಿಗೆ ಚೆಂಡು ಸಿಕ್ಕಿದ್ದರೆ ಪಾಸ್ ಮೆತ್ತಗಾಗಿ ಅರ್ಧ ದಾರಿಯಲ್ಲೇ ಕಳೆದುಹೋಗುತ್ತದೆ. ಸರಿಯಾದ ದಾರಿ ಅಂದರೆ ಮೊದಲು ಹಿಂದೆ ಇರುವವನಿಗೆ ಒಂದು ಸಣ್ಣ ಪಾಸ್ ಕೊಡಬೇಕು. ಅವನು ಗೋಲಿಗೆ ಮುಖ ಮಾಡಿರುತ್ತಾನೆ. ಅವನಿಂದ ಒಂದೇ ಟಚ್‌ನಲ್ಲಿ ಥ್ರೂ ಹೋಗಬೇಕು. ನಿಜವಾದ ಮೈದಾನದಲ್ಲಿ ಕೋಚ್ ಹೇಳಿಕೊಡೋದೂ ಇದನ್ನೇ ಅಲ್ವಾ? ಎರಡು ಪಾಸ್ ಮುಂಚೆಯೇ ಯೋಚನೆ ಮಾಡಿದವನಿಗೆ ಇಲ್ಲಿ ಗೋಲ್ ಸಿಗುತ್ತದೆ.

ಎಫ್‌ಸಿ ಮೊಬೈಲ್‌ನಲ್ಲಿ ಅದೇ ಜಾಗದಿಂದ ಎದುರಾಳಿಯನ್ನು ಯಾಮಾರಿಸುವ ಒಂದು ಸ್ಕಿಲ್ ಮೂವ್ ಹಾಕಿ ತಿರುಗಿ, ಮೈದಾನದ ಅಂಚಿನಲ್ಲಿ ಓಡುವ ವಿಂಗರ್‌ಗೆ ಕೊಟ್ಟು, ಸ್ಪ್ರಿಂಟ್ ಒತ್ತಿದರೆ ಕೆಲಸ ಮುಗಿಯುತ್ತದೆ. ವೇಗ ಇರುವವನಿಗೆ ಅಲ್ಲಿ ಬೆಲೆ ಜಾಸ್ತಿ. ಅದರಲ್ಲಿ ಮಜಾ ಇಲ್ಲ ಅಂತ ನಾನು ಹೇಳಲಾರೆ, ಖಂಡಿತ ಇದೆ. ಬೇಗ ಕಲಿಯಬಹುದು, ಗೋಲ್‌ಗಳು ಜಾಸ್ತಿ ಬರುತ್ತವೆ, ಮೊದಲ ವಾರದಲ್ಲೇ ನೀವೂ ಗೆಲ್ಲುತ್ತೀರಿ. ಆದರೆ ತಿಂಗಳು ಕಳೆದ ಮೇಲೆ ಎಲ್ಲರ ಗೋಲೂ ಒಂದೇ ಥರ ಕಾಣಲು ಶುರುವಾಗುತ್ತದೆ. ಇ-ಫುಟ್‌ಬಾಲ್‌ನಲ್ಲಿ ಮೊದಲ ವಾರ ಪೂರ್ತಿ ಸೋಲುತ್ತೀರಿ, ತಿಂಗಳು ಕಳೆದ ಮೇಲೆ ಅದೇ ಆಟ ಹಿಡಿಸುತ್ತದೆ. ನನ್ನ ಮತ ಆ ಕಡೆ ಹೋಗಲು ಇದೇ ಕಾರಣ.

ಎಫ್‌ಸಿ ಮೊಬೈಲ್‌ನ ಒಂದು ಒಳ್ಳೇ ಗುಣ ಹೇಳಲೇಬೇಕು. ಅದರಲ್ಲಿ ವಿಎಸ್ ಅಟ್ಯಾಕ್ ಅಂತ ಒಂದು ಮೋಡ್ ಇದೆ. ನಿಮಗೆ ಬರೀ ದಾಳಿಯ ಅವಕಾಶಗಳು ಸಿಗುತ್ತವೆ. ಡಿಫೆನ್ಸ್ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಯಾರು ಜಾಸ್ತಿ ಗೋಲ್ ಹೊಡೆದರೋ ಅವರು ಗೆದ್ದರು. ಎದುರಾಳಿಯ ಪ್ರತಿ ಹೆಜ್ಜೆಯೂ ನಿಮ್ಮ ಫೋನಿಗೆ ಆ ಕ್ಷಣವೇ ತಲುಪಬೇಕು ಅನ್ನುವ ಒತ್ತಡ ಇಲ್ಲಿ ಕಡಿಮೆ. ಹಾಸ್ಟೆಲ್ ವೈಫೈ ಮೇಲೆ ಇಡೀ ಮಹಡಿಯೇ ಕೂತಿರುವ ರಾತ್ರಿ ಹೊತ್ತಿನಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ಎಫ್‌ಸಿ ಮೊಬೈಲ್‌ನಲ್ಲಿ ಇಬ್ಬರು ನೇರವಾಗಿ ಆಡುವ ಹೆಡ್ ಟು ಹೆಡ್ ಮ್ಯಾಚ್‌ಗಾಗಲಿ, ಇ-ಫುಟ್‌ಬಾಲ್‌ನ ಆನ್‌ಲೈನ್ ಮ್ಯಾಚ್‌ಗಾಗಲಿ ಇಬ್ಬರ ನೆಟ್ಟೂ ಗಟ್ಟಿ ಇರಬೇಕು. ಒಬ್ಬರದು ಎಳೆದಾಡಿದರೂ ಪಾಸ್ ಒತ್ತಿ ಅರ್ಧ ಸೆಕೆಂಡ್ ಆದ ಮೇಲೆ ಕಾಲು ಅಲ್ಲಾಡುತ್ತದೆ.

ನಮ್ಮೂರಿನ ಬಿಸಿಲಿನ ಬಗ್ಗೆ ಮಾತಾಡದೆ ಫೋನ್ ಗೇಮ್ ಬಗ್ಗೆ ಸಲಹೆ ಕೊಟ್ಟರೆ ಅದು ಅರ್ಧ ಸಲಹೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 40 ಡಿಗ್ರಿ ದಾಟೋದು ಮಾಮೂಲು. ಮಧ್ಯಾಹ್ನ ಕರೆಂಟ್ ಹೋಗಿ ಫ್ಯಾನ್ ನಿಂತಾಗ ಫೋನ್ ಬಿಸಿಯಾಗುತ್ತದೆ. ಬಿಸಿಯಾದ ಫೋನ್ ತನ್ನನ್ನು ಉಳಿಸಿಕೊಳ್ಳಲು ಪ್ರೊಸೆಸರ್ ವೇಗ ಇಳಿಸಿಕೊಳ್ಳುತ್ತದೆ. ಆಗ ಆಟ ತಡವರಿಸುತ್ತದೆ. ಜನ ಇದನ್ನೇ ನೆಟ್ ಸಮಸ್ಯೆ ಅಂದುಕೊಂಡು ಸುಮ್ನೆ ಸಿಮ್ ಬದಲಾಯಿಸುತ್ತಾರೆ. ಎರಡೂ ಆಟಗಳು ಈ ವಿಷಯದಲ್ಲಿ ಫೋನಿಗೆ ಭಾರವೇ. ಸೆಟ್ಟಿಂಗ್ಸ್‌ಗೆ ಹೋಗಿ ಗ್ರಾಫಿಕ್ಸ್ ಮತ್ತು ಫ್ರೇಮ್ ರೇಟ್ ಎರಡನ್ನೂ ತಗ್ಗಿಸಿ. ಫೋನಿನ ಹಿಂದಿನ ಕವರ್ ತೆಗೆಯಿರಿ. ಚಾರ್ಜ್‌ಗೆ ಹಾಕಿಕೊಂಡು ಆಡಬೇಡಿ. ಬೆವರಿದ ಬೆರಳಿನ ತೊಂದರೆ ಬೇರೆ. ಇ-ಫುಟ್‌ಬಾಲ್‌ನಲ್ಲಿ ಬಟನ್‌ನಲ್ಲೂ ಆಡಬಹುದು, ಪರದೆ ಮೇಲೆ ಬೆರಳು ತಟ್ಟಿ, ಎಳೆದೂ ಆಡಬಹುದು. ಬೇಸಿಗೆಯಲ್ಲಿ ಬಟನ್ನೇ ವಾಸಿ. ಒದ್ದೆ ಬೆರಳಿನಿಂದ ಎಳೆದರೆ ಶಾಟ್ ಎಲ್ಲೋ ಹೋಗುತ್ತದೆ.

ದುಡ್ಡಿನ ವಿಷಯ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಎರಡೂ ಆಟ ಉಚಿತ. ಎರಡೂ ದುಡ್ಡು ಮಾಡೋದು ಆಟಗಾರರ ಕಾರ್ಡ್‌ಗಳಿಂದ. ಕಾರ್ಡ್‌ಗಳಿರುವ ಪ್ಯಾಕ್ ಒಡೆದರೆ ಯಾರು ಬರುತ್ತಾರೆ ಅಂತ ಮೊದಲೇ ಗೊತ್ತಿರುವುದಿಲ್ಲ. ಹಬ್ಬದ ಸಂತೆಯಲ್ಲಿ ರಿಂಗ್ ಎಸೆಯುವ ಆಟದ ಹಾಗೆ, ಇನ್ನೊಂದೇ ಸಲ ಅನ್ನಿಸುತ್ತದೆ. ಬೆಲ್ಜಿಯಂ ಸರ್ಕಾರ ಇಂಥ ಪ್ಯಾಕ್‌ಗಳನ್ನು ಜೂಜು ಅಂತಲೇ ಪರಿಗಣಿಸಿತು. 2019ರ ಜನವರಿಯಲ್ಲಿ ಇಎ ಅಲ್ಲಿ ಪ್ಯಾಕ್ ಕೊಳ್ಳಲು ಬಳಸುವ ಫೀಫಾ ಪಾಯಿಂಟ್ಸ್ ಮಾರೋದನ್ನೇ ನಿಲ್ಲಿಸಿತು. ನಮ್ಮ ದೇಶದಲ್ಲಿ 2025ರಲ್ಲಿ ಬಂದ ಕಾಯ್ದೆ ಹಣ ಕಟ್ಟಿ, ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಇಲ್ಲಿ ಗೆದ್ದರೆ ಹಣ ಬರುವುದಿಲ್ಲ, ಹಾಗಾಗಿ ಈ ಎರಡು ಆಟ ಆ ಸಾಲಿಗೆ ಬರಲ್ಲ. ಆದರೆ ಮನೆಯಿಂದ ಮೆಸ್ ಬಿಲ್‌ಗೆ ಬಂದ ದುಡ್ಡು ಪ್ಯಾಕ್‌ಗೆ ಹೋದರೆ ನಷ್ಟ ನಷ್ಟವೇ. ಒಂದು ರೂಪಾಯಿಯನ್ನೂ ಹಾಕದೆ ಇ-ಫುಟ್‌ಬಾಲ್‌ನಲ್ಲಿ ಒಳ್ಳೇ ತಂಡ ಕಟ್ಟಬಹುದು. ದಿನಾ ಲಾಗಿನ್ ಆದರೆ, ಚಿಕ್ಕ ಚಿಕ್ಕ ಟಾಸ್ಕ್ ಮುಗಿಸಿದರೆ ನಿಧಾನಕ್ಕೆ ಸೇರುತ್ತದೆ. ಫೋನಿಗೆ ಯುಪಿಐ ಜೋಡಿಸಿದ್ದರೆ ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಇವತ್ತೇ ಮಾಡಿಡಿ.

ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್ ಇರುವವರಿಗೆ ನನ್ನ ಉತ್ತರ ತಿರುಗುಮುರುಗು. ಅಲ್ಲಿ ಇಎ ಆಟವೇ ಮೇಲು. ಒಂದು ಕ್ಲಬ್ಬಿನ ಮ್ಯಾನೇಜರ್ ಆಗಿ ವರ್ಷಗಟ್ಟಲೆ ನಡೆಸುವ ಕರಿಯರ್ ಮೋಡ್ ಅದರಲ್ಲಿದೆ. ಪಿಇಎಸ್‌ನಲ್ಲಿ ಎಲ್ಲರೂ ಪ್ರೀತಿಸುತ್ತಿದ್ದ ಅಂಥದ್ದೇ ಮೋಡ್ ಮಾಸ್ಟರ್ ಲೀಗ್ ಅನ್ನು ಕೊನಾಮಿ ಇ-ಫುಟ್‌ಬಾಲ್ ಜೊತೆ ತರಲಿಲ್ಲ, ಅದು ದೊಡ್ಡ ಕೊರತೆ. ಫೀಫಾ 22ರಲ್ಲಿ ಇಂಡಿಯನ್ ಸೂಪರ್ ಲೀಗ್ ಕೂಡ ಸೇರಿತು. ಬೆಂಗಳೂರು ಎಫ್‌ಸಿ ನೀಲಿ ಜೆರ್ಸಿ ತೊಟ್ಟು ಸೋಫಾ ಮೇಲೆ ಅಣ್ಣ-ತಮ್ಮ ಎದುರಾಬದುರಾ ಆಡುವ ಸುಖ ಫೋನಿನಲ್ಲಿ ಸಿಗಲ್ಲ. ಹೊಸ ಆಟಕ್ಕೆ ಸಾವಿರಾರು ರೂಪಾಯಿ ಬೇಕು, ಕಾರ್ಡ್ ಕೂಡಿಸಿ ಆಡುವ ಅಲ್ಟಿಮೇಟ್ ಟೀಮ್ ಮೋಡ್‌ನಲ್ಲಿ ಕಟ್ಟಿದ ತಂಡವನ್ನು ಮುಂದಿನ ವರ್ಷದ ಆಟಕ್ಕೆ ಒಯ್ಯಲು ಬರುವುದಿಲ್ಲ. ಅದಕ್ಕೇ ಹಳೇ ಡಿಸ್ಕ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ತಗೊಳ್ಳಿ. ಇಬ್ಬರ ಮ್ಯಾಚ್‌ಗೆ, ಕರಿಯರ್ ಮೋಡ್‌ಗೆ ಅಷ್ಟು ಸಾಕು.

ಇನ್ನೊಂದು ಮಾತು. ಜಾಗಕ್ಕೋಸ್ಕರ ಒಂದು ಆಟ ಅಳಿಸುವ ಮೊದಲು ಅದರ ಅಕೌಂಟನ್ನು ಗೂಗಲ್‌ಗೆ, ಇಲ್ಲವೇ ಕೊನಾಮಿ ಐಡಿ ಅಥವಾ ಇಎ ಅಕೌಂಟ್‌ಗೆ ಜೋಡಿಸಿಡಿ. ಹಾಗೆ ಮಾಡಿದರೆ ಮುಂದೆ ಹೊಸ ಫೋನ್ ಬಂದಾಗ ನೀವು ಕಟ್ಟಿದ ತಂಡ ವಾಪಸ್ ಸಿಗುತ್ತದೆ.