ದೇವರು ಎಲ್ಲೆಡೆ ಇದ್ದಾನಲ್ಲ, ಮತ್ತೆ ‘ಇಳಿದು ಬಾ’ ಎಂದು ಹಾಡುವುದು ಯಾಕೆ?

ಪ್ರಶ್ನೆ: ಕಾಸರಗೋಡಿನ ಕುಂಬಳೆಯಲ್ಲಿ ಕ್ರೈಸ್ತ ಗೆಳತಿಯ ಮನೆಯ ಪ್ರಾರ್ಥನಾ ಕೂಟಕ್ಕೆ ಹೋಗಿದ್ದೆ. ‘ಇಳಿದು ಬಾ’, ‘ನಿನ್ನ ಸನ್ನಿಧಿ ಬೇಕು’, ‘ನನ್ನನ್ನೇ ಒಪ್ಪಿಸುತ್ತೇನೆ’ ಎಂದು ಮತ್ತೆ ಮತ್ತೆ ಹಾಡಿದರು. ದೇವರು ಎಲ್ಲೆಡೆ ಇದ್ದಾನೆ ಎಂದು ನಂಬುವವರು ಅವನನ್ನು ಹೀಗೆ ಕರೆಯುವುದು ಯಾಕೆ?

ಉತ್ತರ: ಈ ಎರಡೂ ಮಾತು ಬೈಬಲಿನಲ್ಲೇ ಇವೆ. ಆಕಾಶಕ್ಕೆ ಏರಿದರೂ ಪಾತಾಳಕ್ಕೆ ಇಳಿದರೂ ಅಲ್ಲಿ ನೀನಿದ್ದೀ ಅನ್ನುತ್ತದೆ ಬೈಬಲಿನ ಹಾಡುಗಳ ಪುಸ್ತಕವಾದ ಕೀರ್ತನೆಗಳಲ್ಲಿನ 139ನೇ ಕೀರ್ತನೆ. ಅದೇ ಪುಸ್ತಕದ 42ನೇ ಕೀರ್ತನೆ, ನೀರಿಗಾಗಿ ಬಾಯಾರಿದ ಜಿಂಕೆಯ ಹಾಗೆ ದೇವರಿಗಾಗಿ ಹಂಬಲಿಸುತ್ತದೆ.

ಬೈಬಲಿನ ಎರಡನೇ ಪುಸ್ತಕವಾದ ವಿಮೋಚನಕಾಂಡದ 33ನೇ ಅಧ್ಯಾಯವನ್ನು ಒಮ್ಮೆ ಓದಿ ನೋಡಿ. ಅಲ್ಲಿ ಇಸ್ರಾಯೇಲ್ಯರ ನಾಯಕ ಮೋಶೆ ದೇವರ ಜೊತೆ ಸ್ನೇಹಿತನ ಹಾಗೆ ಮುಖಾಮುಖಿ ಮಾತಾಡುತ್ತಾನೆ. ಅಷ್ಟು ಹತ್ತಿರದವನೇ ಹಟ ಹಿಡಿಯುತ್ತಾನೆ: ನೀನು ಜೊತೆಗೆ ಬಾರದಿದ್ದರೆ ನಮ್ಮನ್ನು ಇಲ್ಲಿಂದ ಕಳಿಸಲೇಬೇಡ. ಬರುತ್ತೇನೆ ಎಂದು ದೇವರು ಒಪ್ಪಿದ ಮೇಲೂ ಅವನಿಗೆ ಸಾಲದು. ನಿನ್ನ ಮಹಿಮೆಯನ್ನು ತೋರಿಸು ಅನ್ನುತ್ತಾನೆ. ಸಿಕ್ಕಷ್ಟೂ ಇನ್ನೂ ಬೇಕೆನ್ನುವ ಆಸೆ ಅದು. ನಿಮ್ಮ ಗೆಳತಿಯ ಮನೆಯಲ್ಲಿ ಕೇಳಿದ ‘ಬಾ’ ಕೂಡ ಇದೇ ಜಾತಿಯದು.

ಕಾಸರಗೋಡಿನವರಿಗೆ ಇದು ತೀರಾ ಅಪರಿಚಿತವೇನಲ್ಲ. ಭಜನಾ ಮಂದಿರದಲ್ಲಿ ದಾಸರ ಪದ ಹಾಡುವವರೂ ಎಲ್ಲೆಡೆ ಇರುವ ಹರಿಯನ್ನು ‘ಬಾರೋ’ ಎಂದೇ ಕರೆಯುತ್ತಾರೆ ಅಲ್ವಾ? ನಂಬಿಕೆ ಬೇರೆ, ನಿಜ. ಆದರೆ ಭಕ್ತಿಯನ್ನು ಹಾಡಾಗಿಸುವ ರೂಢಿ ಇಲ್ಲಿ ಎಲ್ಲರದ್ದೂ. ಕನ್ನಡ ನಿಘಂಟು ಬರೆದ ಕ್ರೈಸ್ತ ಮಿಷನರಿ ಕಿಟೆಲ್ ಅವರು 1862ರಲ್ಲಿ ಯೇಸುವಿನ ಕಥೆಯನ್ನು ಕನ್ನಡದ್ದೇ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದಿದ್ದರು.

ಇನ್ನು ‘ಒಪ್ಪಿಸುತ್ತೇನೆ’ ಎಂಬ ಮಾತು. ಹಾಡುವಾಗ ಇದು ಸಲೀಸಾಗಿ ಬಾಯಿಗೆ ಬರುತ್ತದೆ. ಇದರ ಭಾರ ಗೊತ್ತಾಗಬೇಕಾದರೆ ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಪ್ರಾರ್ಥಿಸಿದ ಗೆತ್ಸೇಮನೆ ತೋಟದ ಕಡೆ ನೋಡಬೇಕು. ಅಲ್ಲಿ ಅವನು ಮೊದಲು ಬೇಡುವುದು, ಈ ಪಾತ್ರೆ, ಅಂದರೆ ಬರಲಿರುವ ನೋವು, ನನ್ನಿಂದ ದೂರವಾಗಲಿ ಎಂದು. ಆಮೇಲೆ, ನನ್ನ ಚಿತ್ತದಂತೆ ಬೇಡ, ನಿನ್ನ ಚಿತ್ತದಂತೆ ಆಗಲಿ ಅನ್ನುತ್ತಾನೆ. ಮೊದಲ ಮಾತನ್ನು ನುಂಗಿಕೊಳ್ಳಲಿಲ್ಲ, ಗಮನಿಸಿ. ಯೇಸುವಿನ ತಾಯಿ ಮರಿಯಳೂ, ಅವನು ಹುಟ್ಟುವ ಸುದ್ದಿ ತಂದ ದೇವದೂತನಿಗೆ ‘ನಿನ್ನ ಮಾತಿನಂತೆ ನನಗಾಗಲಿ’ ಎಂದು ಒಪ್ಪಿದವಳು. ಆ ಒಪ್ಪಿಗೆ ಅವಳನ್ನು ಮಗನ ಶಿಲುಬೆಯ ಬಳಿಗೆ ತಂದು ನಿಲ್ಲಿಸಿತು. ಕುಂಬಳೆಯ ಹತ್ತಿರವೇ, ಬೇಳದಲ್ಲಿ, 1890ರಲ್ಲಿ ಆರಂಭವಾದ ಇಗರ್ಜಿ ಇರುವುದು ಈ ಶೋಕಮಾತೆಯ ಹೆಸರಿನಲ್ಲೇ. ಒಪ್ಪಿಸಿಕೊಂಡವರಿಗೆ ನೋವು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೊಂದು ಮಾತು. ಕೀಬೋರ್ಡಿನ ಮೆಲುದನಿ, ಒಂದೇ ಸಾಲನ್ನು ಹತ್ತಾರು ಸಲ ಹಾಡುವುದು, ಇವು ಯಾರ ಮನಸ್ಸನ್ನೂ ಕರಗಿಸುತ್ತವೆ. ಅದು ಸಂಗೀತದ ಗುಣ, ತಪ್ಪೇನಿಲ್ಲ. ಆದರೆ ಕಣ್ಣೀರು ಬಂದರೆ ದೇವರು ಬಂದ, ಬರದಿದ್ದರೆ ಬರಲಿಲ್ಲ ಎಂದು ಲೆಕ್ಕ ಹಾಕುವುದು ಸರಿಯಲ್ಲ. ಇಬ್ಬರು ಮೂವರು ನನ್ನ ಹೆಸರಿನಲ್ಲಿ ಕೂಡಿದಲ್ಲಿ ನಾನಿದ್ದೇನೆ ಎಂಬ ಯೇಸುವಿನ ಮಾತಿಗೆ ಅಂಥ ಷರತ್ತಿಲ್ಲ. ಏನೂ ಅನಿಸದ ದಿನಗಳಿಗೆ 88ನೇ ಕೀರ್ತನೆ ಇದೆ. ಅದರ ಕೊನೆಯ ಸಾಲಿನಲ್ಲೂ ಕತ್ತಲೆಯೇ. ಹಾಡು ಆರಿಸುವವರು ಇಂಥದ್ದನ್ನೂ ಆಗಾಗ ಸೇರಿಸಿಕೊಂಡರೆ, ಅಳು ಬರದೆ ಸುಮ್ಮನೆ ಕೂತವರಿಗೂ ಕೂಟದಲ್ಲಿ ಜಾಗ ಸಿಗುತ್ತದೆ.